ನೂರಕ್ಕೆ 1.8 ಅವಕಾಶ, ಆದರೂ ಮೊದಲ ಪಿಕ್ ಡಲ್ಲಾಸ್‌ಗೆ: ಎನ್‌ಬಿಎ ಲಾಟರಿ ಬಗ್ಗೆ ಮಾತಾಡೋಣ

ಜಯನಗರ ಹೂಪ್ಸ್ · 13 ಮೇ 2025, ಬೆಳಿಗ್ಗೆ 6:10

ನಸುಕಿನಲ್ಲಿ ಎದ್ದು ಲಾಟರಿ ನೋಡಿದವರೆಲ್ಲ ಇಲ್ಲಿಗೆ ಬನ್ನಿ, ಮಾತಾಡೋದು ತುಂಬಾ ಇದೆ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ತಂಡಗಳು ಹೊಸ ಆಟಗಾರರನ್ನ ಸರದಿಯಲ್ಲಿ ಆರಿಸಿಕೊಳ್ಳೋದು ಡ್ರಾಫ್ಟ್, ಒಂದೊಂದು ಆಯ್ಕೆಯ ಹಕ್ಕು ಪಿಕ್, ಮೊದಲ ಸರದಿ ಯಾರದ್ದು ಅಂತ ತೀರ್ಮಾನಿಸೋದು ಲಾಟರಿ. ಶಿಕಾಗೋದಲ್ಲಿ ನಡೆದ ಈ ಸಲದ ಲಾಟರಿಯಲ್ಲಿ ಮೊದಲ ಪಿಕ್ ಡಲ್ಲಾಸ್ ಮ್ಯಾವರಿಕ್ಸ್ ಪಾಲಾಯಿತು. ಅವರಿಗಿದ್ದ ಅವಕಾಶ ನೂರಕ್ಕೆ 1.8 ಮಾತ್ರ. ಡ್ಯೂಕ್ ವಿಶ್ವವಿದ್ಯಾಲಯದ ಕೂಪರ್ ಫ್ಲ್ಯಾಗ್ ಅಲ್ಲಿಗೇ ಹೋಗ್ತಾನೆ ಅನ್ನೋದರಲ್ಲಿ ಯಾರಿಗೂ ಅನುಮಾನ ಇಲ್ಲ.

ಇಡೀ ಸೀಸನ್‌ನಲ್ಲಿ 17 ಪಂದ್ಯ ಗೆದ್ದು 65 ಸೋತ ಯೂಟಾ ಜಾಝ್ ಐದಕ್ಕೆ ಜಾರಿತು. 18 ಗೆದ್ದ ವಾಷಿಂಗ್ಟನ್ ಆರಕ್ಕೆ. ಸ್ಯಾನ್ ಆಂಟೋನಿಯೋಗೆ ಎರಡು, ಫಿಲಡೆಲ್ಫಿಯಾಗೆ ಮೂರು, ಷಾರ್ಲೆಟ್‌ಗೆ ನಾಲ್ಕು.

ಒಂದು ವಿಷಯ ಬೆಳಗಿನಿಂದ ತಲೆಯಲ್ಲಿ ಕೂತಿದೆ. ಏಪ್ರಿಲ್‌ನಲ್ಲಿ ಡಲ್ಲಾಸ್ ಪ್ಲೇ-ಇನ್ ಆಡಿತ್ತು, ಅಂದರೆ ಪ್ರಶಸ್ತಿಗಾಗಿ ನಡೆಯೋ ಪ್ಲೇಆಫ್‌ಗೆ ಅರ್ಹತೆ ಕೊಡುವ ಪಂದ್ಯಗಳು. ಸ್ಯಾಕ್ರಮೆಂಟೋವನ್ನು ಸೋಲಿಸಿ, ಆಮೇಲೆ ಮೆಂಫಿಸ್ ಎದುರು ಸೋತು ಮನೆಗೆ ಹೋಯಿತು. ಆ ಎರಡನೇ ಪಂದ್ಯ ಗೆದ್ದಿದ್ದರೆ ಪ್ಲೇಆಫ್‌ಗೆ ಹೋಗುತ್ತಿತ್ತು, ಲಾಟರಿಯಲ್ಲಿ ಅವರ ಹೆಸರೇ ಇರುತ್ತಿರಲಿಲ್ಲ. ಒಂದು ರಾತ್ರಿ ಸೋತಿದ್ದಕ್ಕೆ ಇನ್ನು ಹತ್ತು ಹದಿನೈದು ವರ್ಷದ ಹಾದಿ ಬದಲಾಯಿತು.

ನನ್ನ ವಾದ ಇಷ್ಟು, ಒಪ್ಪದವರು ಎದುರಾಡಿ. ಇಷ್ಟು ಕಡಿಮೆ ಅವಕಾಶದಲ್ಲಿ ಗೆದ್ದ ತಂಡದ ಕಥೆ ಲಾಟರಿ ದಿನಕ್ಕೆ ಮುಗಿಯೋದಿಲ್ಲ. ಪಿಕ್ ಕೈಗೆ ಬಂದ ಮೇಲೆ ಆಡಳಿತ ಏನು ಮಾಡ್ತು ಅನ್ನೋದನ್ನ ನೋಡಬೇಕು. ಲಾಟರಿಯ ಚೆಂಡಿನ ಬಗ್ಗೆ ನಾವು ಜಾಸ್ತಿ ಮಾತಾಡ್ತೀವಿ, ಆಮೇಲಿನದ್ದರ ಬಗ್ಗೆ ಕಡಿಮೆ.

ಹೊಸ ನೋಡುಗ · ಬೆಳಿಗ್ಗೆ 7:02

ನಾನು ಈ ವರ್ಷವಷ್ಟೇ ಎನ್‌ಬಿಎ ನೋಡೋಕೆ ಶುರು ಮಾಡಿದ್ದು. ಐಪಿಎಲ್ ಹರಾಜು ಗೊತ್ತು, ಇದು ಅರ್ಥವಾಗ್ತಿಲ್ಲ. ಸೋತವರಿಗೆ ಮೊದಲ ಆಯ್ಕೆ ಅಂದಮೇಲೆ ಅತಿ ಹೆಚ್ಚು ಸೋತ ಯೂಟಾಗೆ ನೇರವಾಗಿ ಕೊಟ್ಟುಬಿಡಬಹುದಲ್ಲ? ಲಾಟರಿ ಯಾಕೆ?

ಲೆಕ್ಕದ ಮೇಷ್ಟ್ರು · ಬೆಳಿಗ್ಗೆ 7:45

ಒಳ್ಳೆ ಪ್ರಶ್ನೆ. ಹಾಗೆ ನೇರವಾಗಿ ಕೊಟ್ಟರೆ ತಂಡಗಳು ಬೇಕಂತಲೇ ಸೋಲುತ್ತವೆ. 1985ಕ್ಕೆ ಮುಂಚೆ ಎರಡು ವಿಭಾಗಗಳಲ್ಲಿ ಕೊನೆಗೆ ಬಂದ ಎರಡು ತಂಡಗಳ ನಡುವೆ ನಾಣ್ಯ ಚಿಮ್ಮಿಸಿ ತೀರ್ಮಾನ ಮಾಡ್ತಿದ್ದರು. ಹ್ಯೂಸ್ಟನ್‌ಗೆ 1983ರಲ್ಲಿ ರಾಲ್ಫ್ ಸ್ಯಾಂಪ್ಸನ್, 1984ರಲ್ಲಿ ಹಕೀಮ್ ಒಲಾಜುವನ್ ಸಿಕ್ಕಿದ್ದು ಹಾಗೆ. ಎರಡನೇ ಸಲ ಅವರು ಬೇಕಂತಲೇ ಸೋತರು ಅಂತ ದೊಡ್ಡ ಗಲಾಟೆ ಆಯಿತು. ಮರುವರ್ಷವೇ ಲಾಟರಿ ಬಂತು.

ಈಗಿನ ವಿಧಾನ ಹೇಳ್ತೀನಿ. 1ರಿಂದ 14ರವರೆಗೆ ಸಂಖ್ಯೆ ಬರೆದ ಹದಿನಾಲ್ಕು ಪಿಂಗ್‌ಪಾಂಗ್ ಚೆಂಡು ಯಂತ್ರದೊಳಗೆ ಹಾಕ್ತಾರೆ. ಅದರಲ್ಲಿ ನಾಲ್ಕು ಹೊರಗೆ ಬರ್ತವೆ. ಯಾವ ಕ್ರಮದಲ್ಲಿ ಬಂದರೂ ಲೆಕ್ಕ ಒಂದೇ. ಪಿಯುಸಿಯಲ್ಲಿ ವಿಕಲ್ಪಗಳ ಪಾಠ ಓದಿದವರು ಮಾಡಿ ನೋಡಿ: 14, 13, 12, 11 ಗುಣಿಸಿ 24ರಿಂದ ಭಾಗಿಸಿ. 1001 ಬರುತ್ತೆ. 11-12-13-14 ಅನ್ನೋ ಒಂದನ್ನ ಯಾರಿಗೂ ಕೊಡಲ್ಲ, ಅದು ಬಂದರೆ ಮತ್ತೆ ಎತ್ತುತ್ತಾರೆ. ಉಳಿದ ಸಾವಿರವನ್ನ ಹದಿನಾಲ್ಕು ತಂಡಗಳಿಗೆ ಹಂಚ್ತಾರೆ. ಯೂಟಾಗೆ 140 ಇತ್ತು, ಡಲ್ಲಾಸ್‌ಗೆ 18. ಹೀಗೆ ಮೊದಲ ನಾಲ್ಕು ಸ್ಥಾನ ಎತ್ತುತ್ತಾರೆ, ಉಳಿದದ್ದು ಸೋಲಿನ ಕ್ರಮದಲ್ಲಿ. ಅದಕ್ಕೇ ಅತಿ ಹೆಚ್ಚು ಸೋತ ತಂಡ ಐದಕ್ಕಿಂತ ಕೆಳಗೆ ಹೋಗಲ್ಲ.

2018ರವರೆಗೆ ಕೊನೆಯ ತಂಡಕ್ಕೆ ನೂರಕ್ಕೆ 25 ಅವಕಾಶ ಇತ್ತು. 2019ರಿಂದ ಕೊನೆಯ ಮೂರು ತಂಡಗಳಿಗೂ ತಲಾ 14. ಸೋಲೋದರಲ್ಲಿ ಲಾಭ ಕಡಿಮೆ ಆಗಲಿ ಅಂತ ಮಾಡಿದ ಬದಲಾವಣೆ ಅದು.

ಪ್ಲೇನೋ ಕನ್ನಡತಿ · ಬೆಳಿಗ್ಗೆ 9:20

ಡಲ್ಲಾಸ್ ಪಕ್ಕದ ಪ್ಲೇನೋದಿಂದ ಬರೀತಿದ್ದೀನಿ. ಇಲ್ಲಿ ರಾತ್ರಿ ಹನ್ನೊಂದಾಗ್ತಾ ಬಂತು, ನಿದ್ದೆ ಹತ್ತಿರ ಸುಳಿದಿಲ್ಲ.

ನೀವೆಲ್ಲ ಚೆಂಡು, ಸಂಖ್ಯೆ ಅಂತಿದ್ದೀರಿ. ನಮಗೆ ಈ ಫೆಬ್ರವರಿ ಹೇಗಿತ್ತು ಅಂತ ಗೊತ್ತಾದರೆ ಈ ರಾತ್ರಿಯ ಬೆಲೆ ಗೊತ್ತಾಗುತ್ತೆ. 2024ರ ಜೂನ್‌ನಲ್ಲಿ ಈ ತಂಡ ಫೈನಲ್ಸ್ ಆಡಿತ್ತು. ಬಾಸ್ಟನ್ ಎದುರು ಸೋತರೂ ಲೂಕಾ ಡಾಂಚಿಚ್ ಇದ್ದಾನಲ್ಲ, ಮತ್ತೆ ಬರ್ತೀವಿ ಅಂತ ಧೈರ್ಯ ಇತ್ತು. ಎಂಟು ತಿಂಗಳೂ ಕಳೆದಿರಲಿಲ್ಲ, ಒಂದು ಶನಿವಾರ ರಾತ್ರಿ ಸುದ್ದಿ ಬಂತು: ಲೂಕಾನನ್ನ ಲಾಸ್ ಏಂಜಲೀಸ್ ಲೇಕರ್ಸ್‌ಗೆ ಕೊಟ್ಟರು. ಬದಲಿಗೆ ಆಂಟನಿ ಡೇವಿಸ್, ಮ್ಯಾಕ್ಸ್ ಕ್ರಿಸ್ಟಿ, 2029ರ ಒಂದು ಪಿಕ್. ಆಗ 25 ವರ್ಷದ ಆಟಗಾರ, ಊರೇ ತನ್ನವನು ಅಂದುಕೊಂಡಿದ್ದವನು. ಮಾರನೇ ದಿನ ಜನ ಅರೀನಾ ಮುಂದೆ ಶವಪೆಟ್ಟಿಗೆ ತಂದಿಟ್ಟರು. ಅವತ್ತಿಂದ ಪ್ರತಿ ಮನೆಯಂಗಳದ ಪಂದ್ಯದಲ್ಲೂ ಜನರಲ್ ಮ್ಯಾನೇಜರ್ ನಿಕೋ ಹ್ಯಾರಿಸನ್‌ನ ಕಿತ್ತುಹಾಕಿ ಅನ್ನೋ ಕೂಗು.

ಡೇವಿಸ್ ಇಲ್ಲಿ ಆಡಿದ ಮೊದಲ ಪಂದ್ಯದಲ್ಲೇ ಗಾಯಗೊಂಡ. ಮಾರ್ಚ್‌ನಲ್ಲಿ ನಮ್ಮ ಇನ್ನೊಬ್ಬ ದೊಡ್ಡ ಆಟಗಾರ ಕೈರಿ ಅರ್ವಿಂಗ್ ಮೊಣಕಾಲಿನ ಎಸಿಎಲ್ ಅನ್ನೋ ಅಸ್ಥಿರಜ್ಜು ಹರಿದುಕೊಂಡ. ಏಪ್ರಿಲ್ 9ಕ್ಕೆ ಲೂಕಾ ಲೇಕರ್ಸ್ ಅಂಗಿ ಹಾಕಿಕೊಂಡು ವಾಪಸ್ ಬಂದ. ಅವನ ವಿಡಿಯೋ ಹಾಕಿದಾಗ ಅವನೂ ಅತ್ತ, ಅರೀನಾದಲ್ಲಿ ಇದ್ದವರೂ ಅತ್ತರು. ಆಮೇಲೆ ನಮ್ಮ ಮೇಲೇ 45 ಅಂಕ ಹೊಡೆದ.

ಇವತ್ತು ವೇದಿಕೆ ಮೇಲೆ ನಮ್ಮ ತಂಡದ ಪರವಾಗಿ ಹಳೇ ಆಟಗಾರ ರೊಲಾಂಡೋ ಬ್ಲ್ಯಾಕ್‌ಮನ್ ಕೂತಿದ್ದರು. ಲಾಟರಿ ಶುರುವಾದಾಗಿಂದ ನಮಗೆ ಒಂದು ಸಲವೂ ಮೊದಲ ಪಿಕ್ ಬಂದಿಲ್ಲ. ಹಿಂದೆ ಮೊದಲನೆಯವನಾಗಿ ಆರಿಸಿದ್ದು 1981ರಲ್ಲಿ, ಮಾರ್ಕ್ ಅಗೈರ್. ಲೂಕಾ ಹೋದ ನೋವು ಇದರಿಂದ ಹೋಗಲ್ಲ, ಹೋಗಬಾರದು ಕೂಡ. ಆದರೆ ಮಗನ ಜೊತೆ ಮತ್ತೆ ಪಂದ್ಯ ನೋಡೋ ಆಸೆ ಬಂದಿದೆ. ನನಗೆ ಅದು ಸಾಕು.

ಹುಬ್ಬಳ್ಳಿ ಬುಲ್ · ಬೆಳಿಗ್ಗೆ 10:05

ಅಕ್ಕಾರ, ನಿಮ್ಮ ಖುಷಿ ಖುಷಿನ. ಆದರ ಶಿಕಾಗೋ ಬುಲ್ಸ್ ಅಭಿಮಾನಿಗೆ ಏನ್ ಆಗೇತಿ ಅಂತ ಕೇಳ್ರಿ. ಡಲ್ಲಾಸ್, ಶಿಕಾಗೋ ಎರಡೂ ಈ ಸೀಸನ್ 39 ಗೆದ್ದು 43 ಸೋತಾವ. ಸಮ ಬಂದಾಗ ಯಾರು ಮುಂದ, ಯಾರು ಹಿಂದ ಅಂತ ಏಪ್ರಿಲ್‌ನ್ಯಾಗ ಡ್ರಾ ಮಾಡಿದ್ರು. ಅದನ್ನ ಡಲ್ಲಾಸ್ ಗೆದ್ದು 11ನೇ ಸ್ಥಾನ ತಗೊಂಡ್ತು, ನಾವು 12. ಆ ಎರಡು ಸ್ಥಾನಕ್ಕ ಸೇರಿ ಇದ್ದದ್ದು 35 ಜೋಡಣೆ. ಅವರಿಗೆ 18, ನಮಗ 17. ಆ ಡ್ರಾ ಉಲ್ಟಾ ಬಂದಿದ್ರ ಆ 18 ನಮ್ಮ ಕೈಯಾಗ ಇರ್ತಿದ್ವು. ಅದರಾಗ ಒಂದು ಗೆದ್ದೇತಿ.

ಆದರೂ ನಾವು ಬಾಯಿ ಬಿಡೂ ಹಂಗಿಲ್ಲ. ಯಾಕಂದ್ರ 2008ರಾಗ ಇದ ಭಾಗ್ಯ ನಮಗ ಬಂದಿತ್ತು. 33 ಗೆದ್ದು 49 ಸೋತಿದ್ವಿ, ನೂರಕ್ಕ 1.7 ಅವಕಾಶ. ಬರೇ 15 ಪಂದ್ಯ ಗೆದ್ದ ಮಯಾಮಿನ ದಾಟಿ ನಮಗ ಮೊದಲ ಪಿಕ್ ಬಂತು. ಡೆರಿಕ್ ರೋಸ್! ಶಿಕಾಗೋದಾಗ ಹುಟ್ಟಿ, ಅಲ್ಲೇ ಸಿಮಿಯನ್ ಶಾಲಿಯೊಳಗ ಆಡಿ ಬೆಳೆದ ಹುಡುಗ. ಮೂರನೇ ಸೀಸನ್ನಿಗೆ ನಾವು 62 ಪಂದ್ಯ ಗೆದ್ವಿ, ಅವ 22ನೇ ವಯಸ್ಸಿಗೆ ಎಂವಿಪಿ ಆದ, ಅಂದ್ರ ಲೀಗ್‌ನ ಆ ವರ್ಷದ ಅತ್ಯುತ್ತಮ ಆಟಗಾರ. ಎನ್‌ಬಿಎದಾಗ ಅಷ್ಟು ಸಣ್ಣ ವಯಸ್ಸಿನ ಎಂವಿಪಿ ಇವತ್ತಿಗೂ ಮತ್ತೊಬ್ಬ ಇಲ್ಲ.

ಆಮ್ಯಾಲ 2012ರ ಏಪ್ರಿಲ್ 28. ಫಿಲಡೆಲ್ಫಿಯಾ ಎದುರು ಪ್ಲೇಆಫ್‌ನ ಮೊದಲ ಪಂದ್ಯ, ಗೆಲ್ಲೂದು ಖಾತ್ರಿ ಆಗಿತ್ತು, ಇನ್ನೊಂದು ನಿಮಿಷ ಚಿಲ್ಲರೆ ಉಳಿದಿತ್ತು. ಹಾರಿ ಕೆಳಗ ಬಂದಾಂವ ಎಡಮೊಣಕಾಲು ಹಿಡ್ಕೊಂಡು ಬಿದ್ದ. ಆ ಪಂದ್ಯ ನೋಡಿದವರಿಗೆ ಅದನ್ನ ಮರೆಯೂದಕ್ಕ ಆಗೂದಿಲ್ಲ.

ಜಯನಗರದವರು ಹೇಳಿದ್ದು ಅರ್ಧ ಒಪ್ಪತೀನಿ. ಆಡಳಿತ ಏನ್ ಮಾಡ್ತು ಅನ್ನೂದು ಖರೆ. ಆದರ ಬುಲ್ಸ್ ಆಡಳಿತ ರೋಸ್ ಸುತ್ತ ಛೊಲೋ ತಂಡನ ಕಟ್ಟಿತ್ತು. ಮೊಣಕಾಲಿಗೆ ಯಾರು ಏನ್ ಮಾಡ್ಯಾರು?

ಕುಡ್ಲದ ಶೂಟರ್ · ಬೆಳಿಗ್ಗೆ 11:30

ಮಾರಾಯ್ರೆ, ನೀವೆಲ್ಲ ಇದನ್ನು ಅದೃಷ್ಟ ಅಂತ ನಂಬ್ತೀರಾ? ನನಗೆ ನಂಬಲಿಕ್ಕೆ ಕಷ್ಟ ಆಗ್ತದೆ. ಲೂಕಾನಂಥ ಆಟಗಾರ ಲಾಸ್ ಏಂಜಲೀಸ್‌ಗೆ ಹೋದ. ಮೂರು ತಿಂಗಳಲ್ಲಿ ಡಲ್ಲಾಸ್‌ಗೆ ಪರಿಹಾರ ಸಿಕ್ಕಿತು. 1985ರಲ್ಲಿ ಮೊದಲ ಲಾಟರಿ ನಡೆದಾಗ ನ್ಯೂಯಾರ್ಕ್‌ಗೇ ಪ್ಯಾಟ್ರಿಕ್ ಯೂಯಿಂಗ್ ಸಿಕ್ಕಿದ್ದು, ಆಗ ಎತ್ತಿದ ನ್ಯೂಯಾರ್ಕ್‌ನ ಲಕೋಟೆಯ ಮೂಲೆ ಗುರುತಿಗೆ ಮಡಚಿತ್ತು ಅಂತ ಇವತ್ತಿಗೂ ಜನ ಮಾತಾಡ್ತಾರೆ. 2012ರಲ್ಲಿ ನ್ಯೂ ಆರ್ಲಿಯನ್ಸ್ ಗೆದ್ದು ಆಂಟನಿ ಡೇವಿಸ್‌ನನ್ನು ತಕೊಂಡಿತು, ಆ ತಂಡ ಅಲ್ಲಿಯವರೆಗೆ ಲೀಗ್‌ನ ಒಡೆತನದಲ್ಲೇ ಇತ್ತು. ಇಷ್ಟೆಲ್ಲ ಕಾಕತಾಳೀಯ ಹೇಗೆ?

ಲೆಕ್ಕದ ಮೇಷ್ಟ್ರು · ಮಧ್ಯಾಹ್ನ 1:15

ಶೂಟರ್ ಅವರೇ, ಅನುಮಾನ ಪಡೋದು ತಪ್ಪಲ್ಲ. ಆದರೆ ಎರಡು ವಿಷಯ ಬೇರೆ ಬೇರೆ ಮಾಡಿ ನೋಡಿ.

ಮೊದಲನೆಯದು, ಮೋಸ ಮಾಡೋಕೆ ಜಾಗ ಇದೆಯಾ ಅನ್ನೋದು. ಟಿವಿಯಲ್ಲಿ ಲಕೋಟೆ ತೆಗೆಯೋದು ಬರೀ ಪ್ರಕಟಣೆ. ನಿಜವಾದ ಎತ್ತುವಳಿ ಅದಕ್ಕೆ ಮುಂಚೆ ಒಂದು ಮುಚ್ಚಿದ ಕೋಣೆಯಲ್ಲಿ ಆಗಿರುತ್ತೆ. ಅಲ್ಲಿ ತಂಡಗಳ ಪ್ರತಿನಿಧಿಗಳು, ಪತ್ರಕರ್ತರು, ಅರ್ನ್ಸ್ಟ್ ಅಂಡ್ ಯಂಗ್ ಸಂಸ್ಥೆಯವರು ಇರ್ತಾರೆ. ಎಲ್ಲರ ಫೋನ್ ತೆಗೆದಿಟ್ಟುಕೊಳ್ತಾರೆ, ಪ್ರಸಾರ ಮುಗಿಯೋವರೆಗೂ ಯಾರೂ ಹೊರಗೆ ಬರೋ ಹಾಗಿಲ್ಲ. ಯಂತ್ರಕ್ಕೆ ಬೆನ್ನು ಹಾಕಿ ನಿಂತ ಒಬ್ಬರು ಸ್ಟಾಪ್‌ವಾಚ್ ನೋಡ್ಕೊಂಡು ಕೈ ಎತ್ತುತ್ತಾರೆ. ಇಪ್ಪತ್ತು ಸೆಕೆಂಡ್ ಆದಮೇಲೆ ಮೊದಲ ಚೆಂಡು, ಆಮೇಲೆ ಹತ್ತತ್ತು ಸೆಕೆಂಡಿಗೆ ಒಂದೊಂದು. ಸೋತ ಹದಿಮೂರು ತಂಡಗಳಿಗೂ ಮೋಸ ಹಿಡಿಯೋದರಲ್ಲಿ ನೂರಾರು ಕೋಟಿಯ ಲಾಭ ಇದೆ. ಅವರ ಜನ ಅದೇ ಕೋಣೆಯಲ್ಲಿ ಕೂತು ನೋಡಿರ್ತಾರೆ.

ಎರಡನೆಯದು ಸಂಭವನೀಯತೆ. ಡಲ್ಲಾಸ್ ಗೆಲ್ಲೋದು 1.8, ಸರಿ. ಆದರೆ ನಮ್ಮನ್ನ ಬೆಚ್ಚಿಬೀಳಿಸೋಕೆ ಡಲ್ಲಾಸೇ ಗೆಲ್ಲಬೇಕು ಅಂತಿಲ್ಲ. ತಂಡಗಳು ಸಮ ಬರದ ವರ್ಷದಲ್ಲಿ ಶೇಕಡಾ 3 ಅಥವಾ ಅದಕ್ಕಿಂತ ಕಡಿಮೆ ಅವಕಾಶ ಇರೋ ಐದು ತಂಡಗಳಿರುತ್ತವೆ: 3, 2, 1.5, 1, 0.5. ಕೂಡಿದರೆ 8. ಹಳೇ ಪದ್ಧತಿಯಲ್ಲೂ ಇಂಥ ತಂಡಗಳ ಮೊತ್ತ ಎಂಟರ ಆಸುಪಾಸೇ. ಅಂದರೆ ಹನ್ನೆರಡು ಹದಿಮೂರು ವರ್ಷಕ್ಕೊಮ್ಮೆ ಇಂಥದ್ದು ಆಗಲೇಬೇಕು. 1994ರಿಂದ ಇವತ್ತಿನವರೆಗೆ 32 ಲಾಟರಿ ಆಗಿದೆ, ನಿರೀಕ್ಷೆ ಎರಡೂವರೆ ಸಲ. ಆಗಿರೋದು ಐದು ಸಲ: 2008 ಶಿಕಾಗೋ, 2011 ಮತ್ತು 2014 ಕ್ಲೀವ್‌ಲ್ಯಾಂಡ್, 2024 ಅಟ್ಲಾಂಟಾ, ಈಗ ಡಲ್ಲಾಸ್. ನಿರೀಕ್ಷೆಗಿಂತ ಜಾಸ್ತಿ, ನಿಜ. ಆದರೆ ಐದು ಅಥವಾ ಅದಕ್ಕಿಂತ ಹೆಚ್ಚು ಸಲ ಆಗೋ ಸಂಭವ ಲೆಕ್ಕ ಹಾಕಿದರೆ ನೂರಕ್ಕೆ ಹನ್ನೆರಡರಷ್ಟು ಬರುತ್ತೆ. ಅಪರೂಪ ಅನ್ನಬಹುದು, ಅಸಾಧ್ಯ ಅನ್ನೋಕಾಗಲ್ಲ.

ಇನ್ನೊಂದು. ಯಾವ ಊರು ಗೆದ್ದಿದ್ದರೂ ಒಂದು ಕಾರಣ ಸಿಗುತ್ತಿತ್ತು. ಫಿಲಡೆಲ್ಫಿಯಾ ಗೆದ್ದಿದ್ದರೆ ದೊಡ್ಡ ಮಾರುಕಟ್ಟೆ ಅಂತಿದ್ದರು, ವಾಷಿಂಗ್ಟನ್ ಗೆದ್ದಿದ್ದರೆ ರಾಜಧಾನಿ ಅಂತಿದ್ದರು, ಸ್ಯಾನ್ ಆಂಟೋನಿಯೋ ಗೆದ್ದಿದ್ದರೆ ಅಲ್ಲಿ ಆಗಲೇ ಇರೋ ದೊಡ್ಡ ಆಟಗಾರ ವೆಂಬಾನ್ಯಾಮಾ ಜೊತೆಗೆ ಫ್ಲ್ಯಾಗ್‌ನ ಸೇರಿಸೋ ಹುನ್ನಾರ ಅಂತಿದ್ದರು. ಫಲಿತಾಂಶ ಬಂದಮೇಲೆ ಹುಡುಕಿದ ಕಾರಣ ಸಾಕ್ಷಿ ಆಗಲ್ಲ.

ಜಯನಗರ ಹೂಪ್ಸ್ · ಸಂಜೆ 4:40

ಮೇಷ್ಟ್ರು ಕ್ಲೀವ್‌ಲ್ಯಾಂಡ್ ಹೆಸರು ಎತ್ತಿದರು. ನನ್ನ ವಾದಕ್ಕೆ ಅದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ, ಸ್ವಲ್ಪ ಬಿಡಿಸಿ ಹೇಳ್ತೀನಿ.

2010ರಲ್ಲಿ ಲೆಬ್ರಾನ್ ಜೇಮ್ಸ್ ಬಿಟ್ಟುಹೋದ ಮೇಲೆ ಆ ತಂಡ ನೆಲಕಚ್ಚಿತು. 2011ರ ಫೆಬ್ರವರಿಯಲ್ಲಿ ಕ್ಲಿಪ್ಪರ್ಸ್ ತಂಡದ ಬಳಿ ಒಂದು ಟ್ರೇಡ್, ಅಂದರೆ ಆಟಗಾರರ ಅದಲುಬದಲು, ಮಾಡಿಕೊಂಡರು. ಮೋ ವಿಲಿಯಮ್ಸ್, ಜಮಾರಿಯೋ ಮೂನ್ ಇಬ್ಬರನ್ನ ಕೊಟ್ಟು, ಯಾರಿಗೂ ಬೇಡವಾಗಿದ್ದ ಬ್ಯಾರನ್ ಡೇವಿಸ್‌ನ ದುಬಾರಿ ಒಪ್ಪಂದ ಹೊತ್ತುಕೊಂಡರು. ಆ ಹೊರೆ ಹೊತ್ತಿದ್ದಕ್ಕೆ ಕೂಲಿಯಾಗಿ ಕ್ಲಿಪ್ಪರ್ಸ್‌ನ ಮೊದಲ ಸುತ್ತಿನ ಪಿಕ್ ಬಂತು. ಅದಕ್ಕಿದ್ದ ಅವಕಾಶ 2.8. ಮೇನಲ್ಲಿ ಅದೇ ಪಿಕ್ ಮೊದಲನೆಯದಾಯಿತು, ಕೈರಿ ಅರ್ವಿಂಗ್ ಬಂದ. 2013ರಲ್ಲಿ ಮತ್ತೆ ಗೆದ್ದು ಆಂಟನಿ ಬೆನೆಟ್‌ನ ಆರಿಸಿದರು, ಅದು ಕೈಕೊಟ್ಟಿತು. 2014ರಲ್ಲಿ 1.7 ಅವಕಾಶ ಇಟ್ಟುಕೊಂಡು ಮೂರನೇ ಸಲ ಗೆದ್ದರು. ಆ್ಯಂಡ್ರೂ ವಿಗಿನ್ಸ್ ಬಂದ. ಎರಡೇ ವಾರಕ್ಕೆ ಲೆಬ್ರಾನ್ ವಾಪಸ್ ಬರ್ತೀನಿ ಅಂದ. ಆಗಸ್ಟ್‌ನಲ್ಲಿ ವಿಗಿನ್ಸ್‌ನನ್ನೂ ಬೆನೆಟ್‌ನನ್ನೂ ಮಿನೆಸೋಟಕ್ಕೆ ಕೊಟ್ಟು ಕೆವಿನ್ ಲವ್‌ನ ತಂದರು.

ಈಗ 2016ರ ಜೂನ್ 19ಕ್ಕೆ ಬನ್ನಿ. 73 ಪಂದ್ಯ ಗೆದ್ದಿದ್ದ ಗೋಲ್ಡನ್ ಸ್ಟೇಟ್ ಎದುರು 3–1ರಿಂದ ಹಿಂದೆ ಬಿದ್ದು ಮೇಲೆದ್ದು ಬಂದ ಏಳನೇ ಪಂದ್ಯ. 89–89 ಸಮ. 53 ಸೆಕೆಂಡ್ ಬಾಕಿ ಇದ್ದಾಗ ಸ್ಟೀಫನ್ ಕರಿಯ ತಲೆ ಮೇಲಿಂದ ಮೂರಂಕದ ಬುಟ್ಟಿ ಹಾಕಿದ್ದು ಅರ್ವಿಂಗ್. ಮರುಕ್ಷಣ ಕರಿಯ ಎದುರಿಗೆ ಸಿಕ್ಕಿಕೊಂಡವನು ಲವ್. ಲವ್ ಕರಿಯನ್ನ ತಡೀತಾನೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಎಡಕ್ಕೆ, ಬಲಕ್ಕೆ, ಹಿಂದಕ್ಕೆ ಎಲ್ಲೂ ಬಿಡಲಿಲ್ಲ, ಕರಿ ಹೊಡೆತ ತಪ್ಪಿತು. 2.8ರ ಪಿಕ್ ಬುಟ್ಟಿ ಹಾಕ್ತು, 1.7ರ ಪಿಕ್ ಕೊಟ್ಟು ತಂದವನು ತಡೆದ. ಅದೇ ಪಂದ್ಯದಲ್ಲಿ ಎದುರಾಳಿಯ ಹೊಡೆತ ತಡೆದ ಲೆಬ್ರಾನ್‌ನ ಆ ಬ್ಲಾಕ್ ಬಗ್ಗೆ ಎಲ್ಲರೂ ಮಾತಾಡ್ತಾರೆ, ಮಾತಾಡಬೇಕಾದ್ದೇ. ಆದರೆ ಕ್ಲೀವ್‌ಲ್ಯಾಂಡ್ ಕಾದಿದ್ದ ಮೊದಲ ಪ್ರಶಸ್ತಿಯ ಕೊನೇ ನಿಮಿಷದಲ್ಲಿ ಎರಡು ಲಾಟರಿಗಳ ಫಲ ಇತ್ತು ಅನ್ನೋದನ್ನ ಮರೀಬಾರದು.

ಹುಬ್ಬಳ್ಳಿಯವರೇ, ನೀವು ಹೇಳಿದ ಮೊಣಕಾಲಿನ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ರೋಸ್ ವಿಷಯದಲ್ಲಿ ನೀವು ಹೇಳಿದ್ದೇ ಸರಿ.

ಲೆಕ್ಕದ ಮೇಷ್ಟ್ರು · ಸಂಜೆ 5:05

ಎಲ್ಲಕ್ಕಿಂತ ಕಡಿಮೆ ಅವಕಾಶದ ಗೆಲುವು 1993ರ ಆರ್ಲಾಂಡೋ ಮ್ಯಾಜಿಕ್‌ದು, ಅದನ್ನೂ ಸೇರಿಸಿ. 41 ಗೆಲುವು, 41 ಸೋಲು, ಕೂದಲೆಳೆಯಲ್ಲಿ ಪ್ಲೇಆಫ್ ತಪ್ಪಿಸಿಕೊಂಡ ತಂಡ. 66 ಚೆಂಡಿನಲ್ಲಿ ಅವರದ್ದು ಒಂದೇ ಒಂದು. ಹಿಂದಿನ ವರ್ಷ ಗೆದ್ದು ಶಕೀಲ್ ಓ'ನೀಲ್‌ನ ತಂದಿದ್ದವರು ಮತ್ತೆ ಗೆದ್ದರು! ಕ್ರಿಸ್ ವೆಬರ್‌ನ ಆರಿಸಿ ಆ ರಾತ್ರಿಯೇ ಗೋಲ್ಡನ್ ಸ್ಟೇಟ್‌ಗೆ ಕೊಟ್ಟು ಪೆನ್ನಿ ಹಾರ್ಡವೇ ಜೊತೆಗೆ ಮೂರು ಮೊದಲ ಸುತ್ತಿನ ಪಿಕ್ ತಗೊಂಡರು. 1995ಕ್ಕೆ ಫೈನಲ್ಸ್ ಆಡಿದರು. ಆ ಒಂದು ಚೆಂಡಿನಿಂದಾಗಿ ಲೀಗ್ ನಿಯಮವನ್ನೇ ಬದಲಿಸಿ, ಕೊನೆಯ ತಂಡದ ಅವಕಾಶವನ್ನ 25ಕ್ಕೆ ಏರಿಸಿತು.

ಹುಬ್ಬಳ್ಳಿ ಬುಲ್ · ಸಂಜೆ 6:30

ಮತ್ತ ಈಗ ಅದನ್ನ 14ಕ್ಕ ಇಳಿಸ್ಯಾರ. ಅಲ್ಲೇ ನನ್ನ ತಕರಾರು. ಡೆಟ್ರಾಯಿಟ್ ನೋಡ್ರಿ. 2023ರಾಗ ಅತಿ ಹೆಚ್ಚು ಸೋತ್ರು, ಐದನೇ ಪಿಕ್. 2024ರಾಗ 14 ಗೆದ್ದು 68 ಸೋತ್ರು, ನಡುವ ಒಂದರ ಹಿಂದ ಒಂದು 28 ಪಂದ್ಯ ಸೋತ್ರು, ಮತ್ತ ಐದು. ಈಗ ಯೂಟಾ, ಅದಕೂ ಐದು. ಮೂರು ವರ್ಷ ಸಾಲಾಗಿ ಕೊನೀ ತಂಡಕ್ಕ ಸಿಗೂದಾದ್ರೊಳಗ ಅತಿ ಕೆಟ್ಟದ್ದು ಸಿಕ್ಕೇತಿ. ದೊಡ್ಡ ಆಟಗಾರರು ತಾವಾಗೇ ಸಾಲ್ಟ್ ಲೇಕ್ ಸಿಟಿಗೆ ಹೋಗೂದಿಲ್ಲರಿ. ಅಂಥ ಊರಿಗೆ ಡ್ರಾಫ್ಟ್ ಒಂದ ದಾರಿ.

ಪ್ಲೇನೋ ಕನ್ನಡತಿ · ರಾತ್ರಿ 8:10

ಯೂಟಾದವರ ಸಂಕಟ ನನಗೂ ಅರ್ಥವಾಗುತ್ತೆ. ಆದರೆ ಚೆನ್ನಾಗಿದ್ದ ಲೌರಿ ಮಾರ್ಕನನ್‌ನ ಆಡಿಸದೆ ಕೂರಿಸಿದ್ದಕ್ಕೆ ಲೀಗ್ ಈ ಮಾರ್ಚ್‌ನಲ್ಲಿ ಅವರಿಗೆ 1 ಲಕ್ಷ ಡಾಲರ್ ದಂಡ ಹಾಕಿತ್ತು. ದುಡ್ಡು ಕೊಟ್ಟು ಟಿಕೆಟ್ ತಗೊಂಡು ಮಕ್ಕಳನ್ನ ಕರೆದುಕೊಂಡು ಹೋದವರು ನೋಡಬೇಕಾಗಿರೋದು ಅದನ್ನಾ? ಸೋಲಿಗೆ 25 ಇಟ್ಟರೆ ಇದು ಇನ್ನೂ ಹೆಚ್ಚುತ್ತೆ. ಡೆಟ್ರಾಯಿಟನ್ನೇ ನೋಡಿ. ಎರಡು ಸಲವೂ ಐದನೇ ಪಿಕ್ ತಗೊಂಡು, ಅದರಲ್ಲೇ ಆಸಾರ್ ಥಾಂಪ್ಸನ್, ರಾನ್ ಹಾಲಂಡ್ ಇಬ್ಬರನ್ನ ಆರಿಸಿ, ಹೊಸ ಕೋಚ್ ತಂದು, ಈ ಸೀಸನ್ 44 ಪಂದ್ಯ ಗೆದ್ದರು.

ಹೊಸ ನೋಡುಗ · ರಾತ್ರಿ 9:00

ಇಷ್ಟೆಲ್ಲ ಓದಿ ತಲೆ ತುಂಬಿತು, ಎಲ್ಲರಿಗೂ ವಂದನೆ. ಒಂದು ಕೇಳಬೇಕು. ಭಾರತದ ಆಟಗಾರರು ಯಾರಾದರೂ ಈ ಡ್ರಾಫ್ಟ್‌ನಲ್ಲಿ ಆಯ್ಕೆ ಆಗಿದ್ದಾರಾ?

ಕುಡ್ಲದ ಶೂಟರ್ · ರಾತ್ರಿ 9:20

ಆಗಿದ್ದಾರೆ, ಅದೂ ಡಲ್ಲಾಸ್‌ಗೇ. ಪಂಜಾಬಿನ ಬಲ್ಲೋ ಕೆ ಎಂಬ ಹಳ್ಳಿಯ ಸತ್ನಾಮ್ ಸಿಂಗ್, 2015ರಲ್ಲಿ 52ನೇ ಆಯ್ಕೆ. ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಭಾರತೀಯ. ಎನ್‌ಬಿಎ ಪಂದ್ಯ ಆಡಲಿಕ್ಕೆ ಅವಕಾಶ ಸಿಗಲಿಲ್ಲ. ಆದರೂ ಆ ದಿನ ನಮ್ಮ ಕೋರ್ಟಿನಲ್ಲಿ ಆಡುವ ಹುಡುಗರೆಲ್ಲ ಅವನದ್ದೇ ಮಾತು.

ಮೇಷ್ಟ್ರೇ, ಕೋಣೆಯ ವ್ಯವಸ್ಥೆಯ ಬಗ್ಗೆ ನೀವು ಹೇಳಿದ್ದು ನನಗೆ ಒಪ್ಪಿಗೆ ಉಂಟು. ಲೂಕಾ ಟ್ರೇಡ್ ಬಗ್ಗೆ ನನ್ನ ಸಿಟ್ಟು ಮಾತ್ರ ಹಾಗೇ ಉಂಟು.

ಪ್ಲೇನೋ ಕನ್ನಡತಿ · 12 ನವೆಂಬರ್ 2025

ಈ ಚರ್ಚೆ ಮತ್ತೆ ತೆರೀತಿದ್ದೀನಿ. ನಿನ್ನೆ ಹ್ಯಾರಿಸನ್‌ನ ಕೆಲಸದಿಂದ ತೆಗೆದರು. ತಂಡ 3 ಗೆದ್ದು 8 ಸೋತಿದೆ. ಮೈಕಲ್ ಫಿನ್ಲಿ, ಮ್ಯಾಟ್ ರಿಕಾರ್ಡಿ ಸದ್ಯಕ್ಕೆ ನೋಡಿಕೊಳ್ತಾರೆ.

ಜೂನ್‌ನಲ್ಲಿ ಫ್ಲ್ಯಾಗ್ ಬಂದಾಗ ನಮ್ಮಲ್ಲಿ ಮೂವರು ಮೊದಲ ಪಿಕ್‌ಗಳಾದರು: 2011ರ ಅರ್ವಿಂಗ್, 2012ರ ಡೇವಿಸ್, 2025ರ ಫ್ಲ್ಯಾಗ್. ಕಾಗದದ ಮೇಲೆ ಎಷ್ಟು ಚೆನ್ನಾಗಿತ್ತು. ಅರ್ವಿಂಗ್ ಇನ್ನೂ ಮೊಣಕಾಲಿನಿಂದ ಚೇತರಿಸಿಕೊಳ್ತಿದ್ದಾನೆ. ಚೆಂಡು ಹಿಡಿದು ಆಟ ನಡೆಸೋರು ಯಾರೂ ಇಲ್ಲದೆ, 18ರ ಹುಡುಗನನ್ನ ಕೋಚ್ ಜೇಸನ್ ಕಿಡ್ ಪಾಯಿಂಟ್ ಗಾರ್ಡ್ ಮಾಡಿದರು. ಮೇನ್ ರಾಜ್ಯದ ನ್ಯೂಪೋರ್ಟ್ ಅನ್ನೋ ಚಿಕ್ಕ ಊರಿನ ಹುಡುಗ ಅವನು, ಡಿಸೆಂಬರ್ 21ಕ್ಕೆ 19 ತುಂಬುತ್ತೆ. ತಪ್ಪು ಮಾಡ್ತಾನೆ, ಚೆಂಡು ಕಳಕೊಳ್ತಾನೆ, ಮತ್ತೆ ಓಡಿ ಬಂದು ತಡೀತಾನೆ. ಅವನನ್ನ ನೋಡಿದಾಗ ಸಿಟ್ಟು ಬರಲ್ಲ, ಕಾಳಜಿ ಆಗುತ್ತೆ.

ಜಯನಗರ ಹೂಪ್ಸ್ · 12 ನವೆಂಬರ್ 2025

ನಾನು ಮೇನಲ್ಲಿ ಹೇಳಿದ ಮಾತಿನ ಪರೀಕ್ಷೆ ಈಗ ಶುರು. ಹಿಂದಿನ ಟ್ರೇಡ್‌ಗಳಲ್ಲಿ ಬೇರೆಯವರಿಗೆ ಹೋದದ್ದು ಸೇರಿ ಡಲ್ಲಾಸ್‌ನ ಮೊದಲ ಸುತ್ತಿನ ಪಿಕ್‌ಗಳ ಪಟ್ಟಿ ನೋಡಿ. 2026ರದ್ದು ಅವರ ಕೈಯಲ್ಲಿದೆ. 2027ರದ್ದು ಮೊದಲ ಎರಡರಲ್ಲಿ ಬರದಿದ್ದರೆ ಷಾರ್ಲೆಟ್‌ಗೆ. 2028ರಲ್ಲಿ ಒಕ್ಲಹೋಮಾ ಸಿಟಿ ತನ್ನ ಪಿಕ್ ಕೊಟ್ಟು ಡಲ್ಲಾಸ್‌ನದ್ದನ್ನ ಅದಲುಬದಲು ಮಾಡಿಕೊಳ್ಳಬಹುದು. 2029ರದ್ದು ಹ್ಯೂಸ್ಟನ್‌ಗೆ. 2030ರಲ್ಲಿ ಅದಲುಬದಲಿನ ಹಕ್ಕು ಸ್ಯಾನ್ ಆಂಟೋನಿಯೋದ್ದು. 2029ರ ಲೇಕರ್ಸ್ ಪಿಕ್ ಒಂದು ಬಿಟ್ಟರೆ ಮುಂದೆ ಕಾಯೋಕೆ ಏನೂ ಇಲ್ಲ.

ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿದೆ. ಡೇವಿಸ್‌ಗೆ 32 ವಯಸ್ಸು, ಫ್ಲ್ಯಾಗ್‌ಗೆ 18. ಇಬ್ಬರ ಒಳ್ಳೆ ಕಾಲ ಒಟ್ಟಿಗೆ ಬರಲ್ಲ. ಡೇವಿಸ್‌ಗೆ ಬೆಲೆ ಇರುವಾಗಲೇ ಟ್ರೇಡ್ ಮಾಡಿ ಪಿಕ್‌ಗಳನ್ನ ವಾಪಸ್ ತರಬೇಕು, ಈ ಹುಡುಗನ ವಯಸ್ಸಿನವರನ್ನ ಜೊತೆಗೆ ಬೆಳೆಸಬೇಕು.

ಹುಬ್ಬಳ್ಳಿ ಬುಲ್ · 12 ನವೆಂಬರ್ 2025

ಅದು ಸರಿ ಐತ್ರಿ. ಅದರ ಜೋಡಿ ಇನ್ನೊಂದು ಹೇಳತೀನಿ, ರೋಸ್‌ನ ನೋಡಿದಾಂವ ಆಗಿ. ಆ ಹುಡುಗನ ಕಡಿಂದ ರಾತ್ರಿಗೆ ನಲವತ್ತು ನಿಮಿಷ ಆಡಸಬ್ಯಾಡ್ರಿ. ಅರ್ವಿಂಗ್ ಬರೂತನ ಒಬ್ಬ ಅನುಭವಸ್ಥ ಗಾರ್ಡ್‌ನ ತರ್ರಿ, ಫ್ಲ್ಯಾಗ್‌ನ ಅವನ ಜಾಗಾದಾಗ ಫಾರ್ವರ್ಡ್ ಆಡ್ಲಿಕ್ಕೆ ಬಿಡ್ರಿ. ಈ ಸೀಸನ್ ಹೆಂಗೂ ಕೈ ಬಿಟ್ಟೇತಿ, ಮುಂದಿನ ಮೇದಾಗ ಮತ್ತ ಲಾಟರಿ ಐತಿ, ಪಿಕ್ ಇನ್ನೂ ನಿಮ್ಮದ ಐತಿ.